ಚೈನೀಸ್ ಕಲಿಯಲು ಚೀನಾಕ್ಕೆ ಹೋಗುವ ಮುಂಚೆ

(ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದೀರಿ ಎಂದು ನಿಮ್ಮ ಮೇಡಂ ಮೊದಲೇ ಹೇಳಿದರು. ಚೈನೀಸ್ ಕಲಿಯಬೇಕು, ಒಂದು ವರ್ಷ ಚೀನಾದಲ್ಲೋ ತೈವಾನಿನಲ್ಲೋ ಇದ್ದು ಓದುವ ಅವಕಾಶ ಸಿಕ್ಕರೆ ಹೋಗಬೇಕಾ, ಬೇಡವಾ? ಹೋಗಿ. ಆದರೆ ಒಂದಕ್ಷರವೂ ಬಾರದೆ ಹೋಗಬೇಡಿ. ಮೊದಲ ವರ್ಷದ ಪಾಠ ಊರಲ್ಲೇ ಮುಗಿಸಿ, ಎರಡನೇ ವರ್ಷಕ್ಕೆ ಅಲ್ಲಿಗೆ ಹೋಗಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಮುಂದಿನ ಮಾತೆಲ್ಲ ಇದಕ್ಕೆ ಕಾರಣಗಳು, ನಡುವೆ ಒಂದಿಷ್ಟು ಹರಟೆ.

ಮೊದಲು ಲೆಕ್ಕ ನೋಡೋಣ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಲು ಒಂದು ಸಂಸ್ಥೆಯನ್ನೇ ನಡೆಸುತ್ತದೆ. ಇಂಗ್ಲಿಷ್ ಮಾತಾಡುವವರಿಗೆ ಯಾವ ಭಾಷೆ ಕಲಿಯಲು ಎಷ್ಟು ಹೊತ್ತು ಬೇಕು ಎಂದು ಅವರು ಅನುಭವದಿಂದ ಅಂದಾಜು ಮಾಡಿದ್ದಾರೆ. ಸ್ಪ್ಯಾನಿಷ್‌ಗೆ 600ರಿಂದ 750 ಗಂಟೆ ತರಗತಿ. ಚೈನೀಸ್‌ಗೆ 2200 ಗಂಟೆ. ಚೀನಾದ ವಿಶ್ವವಿದ್ಯಾಲಯಗಳ ಭಾಷಾ ಕೋರ್ಸಿನಲ್ಲಿ ವಾರಕ್ಕೆ ಸುಮಾರು 20 ಗಂಟೆ ಪಾಠ ಇರುತ್ತದೆ. ಎರಡು ಸೆಮಿಸ್ಟರ್ ಸೇರಿ 36 ವಾರ ಎಂದಿಟ್ಟುಕೊಳ್ಳಿ. 720 ಗಂಟೆ ಆಯಿತು. ಒಂದು ದಿನವೂ ತಪ್ಪಿಸದೆ ಕೂತರೂ ದಾರಿಯ ಮೂರನೇ ಒಂದು ಪಾಲು. ಈ ಲೆಕ್ಕ ಇಂಗ್ಲಿಷಿನವರದು, ಕನ್ನಡದವರಿಗೆ ಉಚ್ಚಾರಣೆಯಲ್ಲಿ ಸ್ವಲ್ಪ ಅನುಕೂಲ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಲಿಪಿಯ ವಿಷಯದಲ್ಲಿ ಮಾತ್ರ ನಾವೂ ಅವರೂ ಒಂದೇ ದೋಣಿ.

ಈಗ ಸೊನ್ನೆಯಿಂದ ಶುರು ಮಾಡಲು ಹೋದವರ ವರ್ಷ ಹೇಗೆ ಕಳೆಯುತ್ತದೆ ನೋಡಿ. ಸೆಪ್ಟೆಂಬರ್ ಹೊತ್ತಿಗೆ ಬೀಜಿಂಗ್‌ನಲ್ಲಿ ಇಳಿಯುತ್ತೀರಿ. ಇಳಿದ 24 ಗಂಟೆಯೊಳಗೆ ಪೊಲೀಸರ ಹತ್ತಿರ ವಿಳಾಸ ನೋಂದಣಿ ಆಗಬೇಕು. ಹಾಸ್ಟೆಲ್ ಆದರೆ ಅವರೇ ನೋಡಿಕೊಳ್ಳುತ್ತಾರೆ. 180 ದಿನಕ್ಕಿಂತ ಜಾಸ್ತಿ ಓದುವವರಿಗೆ ಕೊಡುವುದು ಎಕ್ಸ್1 ವೀಸಾ. ಅದರಲ್ಲಿ ಹೋದವರು 30 ದಿನದೊಳಗೆ ವಾಸದ ಪರವಾನಗಿ ಮಾಡಿಸಬೇಕು. ಅದಕ್ಕೆ ಮೆಡಿಕಲ್, ಫೋಟೊ, ಕ್ಯೂ. ಸಿಮ್, ಬ್ಯಾಂಕ್, ಊಟದ ಕಾರ್ಡು. ಗೂಗಲ್ ಇಲ್ಲ, ವಾಟ್ಸಾಪ್ ಇಲ್ಲ, ಅವರ ವೀಚಾಟ್ ಆ್ಯಪ್ ಇಲ್ಲದೆ ಏನೂ ನಡೆಯುವುದಿಲ್ಲ. ಇದರಲ್ಲೇ ಮೊದಲ ತಿಂಗಳು ಹೋಗುತ್ತದೆ. ಆಮೇಲೆ ಪಿನ್‌ಯಿನ್ ಎಂಬ ರೋಮನ್ ಬರಹ, ದನಿ ಏರಿಳಿಸುವ ಸ್ವರಗಳು, ಒಂದು ಎರಡು ಮೂರು, ನಾನು ಭಾರತದವನು, ಇದು ಪುಸ್ತಕ. ಕ್ಲಾಸಿನಲ್ಲಿ ಹತ್ತು ದೇಶದವರು ಇರುತ್ತಾರೆ. ಅವರೆಲ್ಲ ಪರಸ್ಪರ ಮಾತಾಡುವುದು ಯಾವ ಭಾಷೆಯಲ್ಲಿ ಹೇಳಿ? ಇಂಗ್ಲಿಷ್‌ನಲ್ಲಿ.

ಬಾಯಿ ಸ್ವಲ್ಪ ತೆರೆಯುವ ಹೊತ್ತಿಗೆ ಜನವರಿ ಬರುತ್ತದೆ, ಪರೀಕ್ಷೆ ಮುಗಿಯುತ್ತದೆ. ಚೀನೀ ಹೊಸ ವರ್ಷಕ್ಕೆ ಇಡೀ ದೇಶ ಊರಿಗೆ ಹೋಗುತ್ತದೆ, ಕ್ಯಾಂಪಸ್ ಖಾಲಿ. ಎರಡನೇ ಸೆಮಿಸ್ಟರ್ ಶುರುವಾಗುವುದು ಫೆಬ್ರವರಿ ಕೊನೆಗೋ ಮಾರ್ಚಿಗೋ. ಅಂಗಡಿಯವರ ಜೊತೆ ಎರಡು ಮಾತು ಆಡಬಲ್ಲೆ ಎಂಬ ಧೈರ್ಯ ಬರುವಾಗ ಏಪ್ರಿಲ್. ಜುಲೈಯಲ್ಲಿ ವಿಮಾನ ಹತ್ತಬೇಕು. ಹತ್ತು ತಿಂಗಳಲ್ಲಿ ನಿಜವಾಗಿ ಆ ದೇಶ ನಿಮಗೆ ಉಪಯೋಗಕ್ಕೆ ಬಂದದ್ದು ಮೂರು ತಿಂಗಳು. ಅಕ್ಕಿ ನೆನೆಸದೆ ರುಬ್ಬಲು ಕೂತರೆ ಹೀಗೇ ಆಗುವುದು.

ಬೀಜಿಂಗ್‌ನ ಪಶ್ಚಿಮೋತ್ತರದಲ್ಲಿ, ಮೆಟ್ರೊ 13ನೇ ಲೈನಿನ ಮೇಲೆ ವುತಾವ್‌ಖೌ ಎಂಬ ಜಾಗ ಇದೆ. ಪೀಕಿಂಗ್ ವಿಶ್ವವಿದ್ಯಾಲಯ, ತ್ಸಿಂಗ್‌ಹುವಾ, ಎಲ್ಲ ಆ ಸುತ್ತಿನಲ್ಲೇ. ವಿದೇಶಿಯರಿಗೆ ಚೈನೀಸ್ ಕಲಿಸಲೆಂದೇ 1962ರಲ್ಲಿ ಶುರುವಾದ ಬೀಜಿಂಗ್ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯವೂ ಅಲ್ಲೇ. ಅದಕ್ಕೆ ಪುಟ್ಟ ವಿಶ್ವಸಂಸ್ಥೆ ಎಂದು ಅಡ್ಡಹೆಸರು. ವುತಾವ್‌ಖೌಗೆ ಅಲ್ಲಿನ ಹುಡುಗರು ತಮಾಷೆಗೆ ಬ್ರಹ್ಮಾಂಡದ ಕೇಂದ್ರ ಎನ್ನುತ್ತಾರೆ. ಕೊರಿಯನ್ ಹೋಟೆಲುಗಳು, ಕಾಫಿ ಅಂಗಡಿಗಳು, ರಾತ್ರಿ ಹನ್ನೆರಡಕ್ಕೂ ಗಿಜಿಗಿಜಿ. ನನಗೆ ತುಂಬ ಇಷ್ಟವಾದ ಜಾಗ. ಚೈನೀಸ್ ಕಲಿಯಲು ಮಾತ್ರ ಅದಕ್ಕಿಂತ ಕೆಟ್ಟ ಜಾಗ ಇಡೀ ಬೀಜಿಂಗ್‌ನಲ್ಲಿ ಇರಲಿಕ್ಕಿಲ್ಲ. ನೀವು ಒಂದು ವಾಕ್ಯ ಜೋಡಿಸುವ ಮುಂಚೆ ಎದುರಿನವರು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟಾಗಿರುತ್ತದೆ.

ಇನ್ನೊಂದು ವಿಷಯ ಹೋಗುವ ಮುಂಚೆ ಯಾರೂ ಹೇಳುವುದಿಲ್ಲ. ಚೀನಾದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ ಬೇರೆ, ಚೀನೀ ವಿದ್ಯಾರ್ಥಿಗಳ ಹಾಸ್ಟೆಲ್ ಬೇರೆ. ನಮ್ಮ ಕಟ್ಟಡ ಚೆನ್ನಾಗಿರುತ್ತದೆ, ರೂಮಿಗೆ ಇಬ್ಬರು. ಅವರ ಕಟ್ಟಡದಲ್ಲಿ ಒಂದೊಂದು ರೂಮಿಗೆ ನಾಲ್ಕು, ಆರು ಜನ. ಸೌಕರ್ಯ ಜಾಸ್ತಿ ಕೊಟ್ಟು ನಮ್ಮನ್ನು ಭಾಷೆಯಿಂದ ದೂರ ಇಟ್ಟ ಹಾಗೆ. ನಿಮ್ಮ ರೂಮ್‌ಮೇಟ್ ಕಜಾಕಸ್ತಾನದವನೋ ಥಾಯ್ಲೆಂಡಿನವನೋ ಆಗಿರುತ್ತಾನೆ. ಕೆಲವು ಕಾರ್ಯಕ್ರಮಗಳು ಇದನ್ನು ಅರಿತು ಬೇರೆ ದಾರಿ ಹಿಡಿದಿವೆ. ಅಮೆರಿಕದ ಕಾಲೇಜುಗಳು ನಡೆಸುವ ಕೆಲವು ಕೋರ್ಸುಗಳಲ್ಲಿ ಸೇರುವ ದಿನವೇ ಚೈನೀಸ್ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಬರೆದು ಸಹಿ ಹಾಕಬೇಕು. ರೂಮ್‌ಮೇಟ್ ಚೀನೀಯವನೇ. ಚೀನಾದ ಈಶಾನ್ಯದ ಹಾರ್ಬಿನ್ ಊರಿನಲ್ಲಿ ಇಂಥದು ನಡೆದಿದೆ. ಜನವರಿಯಲ್ಲಿ ಅಲ್ಲಿ ಸೊನ್ನೆಗಿಂತ 20, 25 ಡಿಗ್ರಿ ಕೆಳಗೆ. ಹೊರಗೆ ಸುತ್ತಲಾಗದೆ ಒಳಗೆ ಕೂತು ಮಾತಾಡಲೇಬೇಕು, ಪಾಪ.

ಹೋಗುವ ಮುಂಚೆ ತಯಾರಾಗಿ ಎಂಬ ಈ ಬುದ್ಧಿವಾದ ನನ್ನದಲ್ಲ, ಸಾವಿರದ ಮುನ್ನೂರು ವರ್ಷ ಹಳೆಯದು. ಹ್ಯೂಯೆನ್ ತ್ಸಾಂಗ್ ಹೆಸರು ನಿಮಗೆ ಗೊತ್ತು. ನಮ್ಮ ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದವನು ಎಂದು ಶಾಲೆಯಲ್ಲಿ ಓದಿದ್ದೇವೆ. ಅವನ ನಂತರ ಬಂದ ಇತ್ಸಿಂಗ್ ಎಂಬ ಭಿಕ್ಷು ಪಠ್ಯಪುಸ್ತಕದಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತಾನೆ. ನನಗೆ ಇವನೇ ಜಾಸ್ತಿ ಇಷ್ಟ. 671ರಲ್ಲಿ ಕ್ಯಾಂಟನ್‌ನಿಂದ ಹಡಗು ಹತ್ತಿದ. ಗುರಿ ನಾಲಂದಾ. ಆದರೆ ನೇರವಾಗಿ ಬರಲಿಲ್ಲ. ಸುಮಾತ್ರಾದ ಶ್ರೀವಿಜಯದಲ್ಲಿ ಇಳಿದು ಆರು ತಿಂಗಳು ಕೂತು ಸಂಸ್ಕೃತ ವ್ಯಾಕರಣ ಓದಿದ. 673ರಲ್ಲಿ ಬಂಗಾಳದ ತಾಮ್ರಲಿಪ್ತಿಗೆ ಬಂದ ಮೇಲೂ ಅಲ್ಲಿ ನಿಂತು ಮತ್ತೆ ಭಾಷೆಯನ್ನೇ ಕಲಿತ. ಆಮೇಲೆ ನಾಲಂದಾದಲ್ಲಿ ಸುಮಾರು ಹತ್ತು ವರ್ಷ. ಭಾರತಕ್ಕೆ ಹೋಗಬೇಕೆನ್ನುವ ಚೀನೀ ಭಿಕ್ಷುಗಳು ಮೊದಲು ಶ್ರೀವಿಜಯದಲ್ಲಿ ಒಂದೆರಡು ವರ್ಷ ಇದ್ದು ಅಭ್ಯಾಸ ಮಾಡಿಕೊಂಡು ಹೋಗುವುದು ಒಳ್ಳೆಯದು ಎಂದು ಬರೆದಿಟ್ಟಿದ್ದಾನೆ. ವಿದೇಶದಲ್ಲಿ ಓದುವವರಿಗೆ ಇದಕ್ಕಿಂತ ಕೆಲಸಕ್ಕೆ ಬರುವ ಸಲಹೆ ನಾನು ಕಂಡಿಲ್ಲ.

ನಮ್ಮ ಕಡೆಯಿಂದ ಹೋದವರೂ ಇದ್ದಾರೆ. 1937ರಲ್ಲಿ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಚೀನಾ ಭವನ ತೆರೆದರು, ತಾನ್ ಯುನ್ ಶಾನ್ ಅದನ್ನು ಕಟ್ಟಿದವರು. 1947ರಲ್ಲಿ ಭಾರತ ಸರ್ಕಾರ ಕೆಲವು ವಿದ್ಯಾರ್ಥಿಗಳನ್ನು ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಅವರಲ್ಲಿ ವಿ. ವಿ. ಪರಾಂಜಪೆ ಒಬ್ಬರು. ಅವರು ಅಲ್ಲಿ ಓದುತ್ತಿದ್ದಾಗಲೇ ಆ ದೇಶದ ಸರ್ಕಾರವೇ ಬದಲಾಯಿತು. 1954ರಲ್ಲಿ ನೆಹರೂ ಮಾವೋ ಎದುರುಬದುರು ಕೂತಾಗ ನಡುವೆ ಕೂತು ದುಭಾಷಿಯಾದವರು ಈ ಪರಾಂಜಪೆ.

ಸರಿ, ಊರಲ್ಲೇ ಏನು ಕಲಿಯಬೇಕು? ಮೊದಲು ಕಿವಿ ಮತ್ತು ನಾಲಿಗೆ.

ಪಿನ್‌ಯಿನ್ ಎಂದರೆ ಚೈನೀಸ್ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿ. 1958ರಲ್ಲಿ ಜಾರಿಗೆ ಬಂತು. ಅದನ್ನು ರೂಪಿಸಿದ ಸಮಿತಿಯ ಮುಖ್ಯ ವ್ಯಕ್ತಿ ಜೌ ಯೌಗ್ವಾಂಗ್ ಮೂಲತಃ ಅರ್ಥಶಾಸ್ತ್ರದವರು, ನ್ಯೂಯಾರ್ಕಿನಲ್ಲಿ ಬ್ಯಾಂಕ್ ಕೆಲಸ ಮಾಡಿದ್ದವರು. 2017ರಲ್ಲಿ ತೀರಿಕೊಂಡಾಗ ಅವರಿಗೆ 111 ವರ್ಷ. ಈ ಪಿನ್‌ಯಿನ್ ಇಂಗ್ಲಿಷ್ ಓದುವ ಕಣ್ಣಿಗೆ ಮೋಸ ಮಾಡುತ್ತದೆ. ಅದರಲ್ಲಿ ಬಿ ಅಕ್ಷರದ ಉಚ್ಚಾರ ನಮ್ಮ ಪ, ಪಿ ಅಕ್ಷರದ್ದು ಫ. ಈ ಫ ಫಲದ ಫ, ಫ್ಯಾನಿನದಲ್ಲ. ಹಾಗೆಯೇ ಡಿ ಎಂದರೆ ತ, ಟಿ ಎಂದರೆ ಥ. ಜಿ ಎಂದರೆ ಕ, ಕೆ ಎಂದರೆ ಖ. ಎಲ್ಲ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ. ಬೀಜಿಂಗ್ ಅವರ ಬಾಯಲ್ಲಿ ಪೆಯ್‌ಚಿಂಗ್‌ಗೆ ಹತ್ತಿರ. ಅಮೆರಿಕದ ಹುಡುಗರಿಗೆ ಇದನ್ನು ಬಿಡಿಸಿ ಹೇಳಲು ಟೀಚರ್ ಬಾಯಿ ಮುಂದೆ ಕಾಗದದ ಚೂರು ಹಿಡಿದು ಅಲ್ಲಾಡಿಸಿ ತೋರಿಸುತ್ತಿದ್ದರು. ನಮಗೆ ಕಾಗುಣಿತದಲ್ಲೇ ಇದೆ. ಬಾಯಲ್ಲಿ ಮಹಾಪ್ರಾಣ ಎಷ್ಟು ಜನ ಹೇಳುತ್ತೇವೆ ಅನ್ನೋದು ಬೇರೆ ಮಾತು, ಆದರೂ ವ್ಯತ್ಯಾಸ ಇದೆ ಎಂದಾದರೂ ಗೊತ್ತಲ್ವಾ. ನಾಲಿಗೆ ಮಡಚುವ ಷ ಕೂಡ ಅವರಲ್ಲಿ ಉಂಟು.

ನಮಗೆ ಕಷ್ಟ ಆಗುವುದು ಸ್ವರ. ಅ ಆ ಇ ಈ ಅಲ್ಲ, ದನಿಯ ಏರಿಳಿತ. ಒಂದೇ ಉಚ್ಚಾರಕ್ಕೆ ನಾಲ್ಕು ಸ್ವರ, ಜೊತೆಗೆ ಒತ್ತಿಲ್ಲದ ಇನ್ನೊಂದು. ಮಾಯ್ ಎಂದು ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಜೋರಾಗಿ ಬೀಳಿಸಿದರೆ ಮಾರುವುದು. ಮಾರ್ಕೆಟ್ಟಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಕನ್ನಡದವರ ನಿಜವಾದ ತೊಂದರೆ ಬಿಡಿ ಪದಗಳಲ್ಲಿ ಇಲ್ಲ, ವಾಕ್ಯದಲ್ಲಿದೆ. ಪ್ರಶ್ನೆ ಕೇಳುವಾಗ ನಾವು ಕೊನೆಯ ಪದವನ್ನು ಎಳೆದು ಮೇಲಕ್ಕೆತ್ತುತ್ತೇವೆ. ಅಲ್ಲಿ ಹಾಗೆ ಎತ್ತಿದರೆ ಆ ಪದದ ಸ್ವರವೇ ಬದಲಾಗಿ ಇನ್ನೇನೋ ಆಗುತ್ತದೆ. ಈ ಅಭ್ಯಾಸ ಬಿಡಿಸಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳನ್ನು ಬೀಜಿಂಗ್‌ನಲ್ಲಿ ಖರ್ಚು ಮಾಡಬೇಡಿ. ನಿಮ್ಮ ಮನೆಯಲ್ಲಿ, ಫೋನಿಗೆ ರೆಕಾರ್ಡ್ ಮಾಡಿಕೊಂಡು, ಬಾಗಿಲು ಹಾಕಿಕೊಂಡು ಮಾಡಿ. ಅಮ್ಮ ಕೇಳಿದರೆ ಹಾಡು ಕಲಿಯುತ್ತಿದ್ದೇನೆ ಎನ್ನಿ.

ಆಮೇಲೆ ಅಕ್ಷರ. ಚೀನಾ ಸರ್ಕಾರ 1988ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 2500 ಅಕ್ಷರಗಳು ದಿನಬಳಕೆಯವು, ಮತ್ತೆ 1000 ಅದಕ್ಕಿಂತ ಕಡಿಮೆ ಬಳಕೆಯವು. ಮೊದಲ 2500 ಬಂದರೆ ಸಾಮಾನ್ಯ ಬರಹದ ಶೇಕಡಾ 98ರಷ್ಟು ಅಕ್ಷರಗಳ ಗುರುತು ಸಿಗುತ್ತದೆ. ಅರ್ಥ ಆಗುತ್ತದೆ ಎಂದಲ್ಲ, ಗುರುತು ಸಿಗುತ್ತದೆ. ಹೋಗುವ ಮುಂಚೆ 500, 600 ಅಕ್ಷರ ಸಾಕು. ಕೈಯಲ್ಲಿ ಬರೆದು ಕಲಿಯಿರಿ. ಈಗ ಚೀನೀಯರೇ ಫೋನಿನಲ್ಲಿ ಪಿನ್‌ಯಿನ್ ಟೈಪ್ ಮಾಡಿ ಕೈಬರಹ ಮರೆಯುತ್ತಿದ್ದಾರೆ, ನಾವೇಕೆ ಬರೆಯಬೇಕು ಎಂದು ಕೇಳಬಹುದು. ಅವರು ಕಲಿತು ಮರೆತವರು. ಹೊಸಬರಿಗೆ ಬರೆಯದೆ ಅಕ್ಷರದ ಅಂಗಾಂಗ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ತರಗತಿಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಉಕ್ತಲೇಖನ ಇರುತ್ತದೆ. ನಿದ್ದೆಗಣ್ಣಲ್ಲಿ ಬರೆಯಬೇಕು.

ಪದಗಳ ಲೆಕ್ಕಕ್ಕೆ ಎಚ್‌ಎಸ್‌ಕೆ ಎಂಬ ಚೈನೀಸ್ ಭಾಷಾ ಪರೀಕ್ಷೆಯನ್ನು ಅಳತೆ ಮಾಡಿಕೊಳ್ಳಿ. 2010ರಿಂದ ನಡೆದುಬಂದ ಆರು ಹಂತದ ಪದ್ಧತಿಯಲ್ಲಿ ಮೊದಲ ಹಂತಕ್ಕೆ 150 ಪದ, ಎರಡಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1200, ಆಮೇಲೆ 2500, ಕೊನೆಗೆ 5000. 2021ರಲ್ಲಿ ಒಂಬತ್ತು ಹಂತದ ಹೊಸ ಮಟ್ಟ ಬಂದಿದೆ, ಅದು ಇನ್ನೂ ಬಿಗಿ. ಹಳೆಯ ಲೆಕ್ಕದ ಮೂರನೇ ಹಂತ ಮುಗಿಸಿ ಹೋದರೆ ಅಲ್ಲಿ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ನಿಮ್ಮನ್ನು ನಡುವಿನ ತರಗತಿಗೆ ಹಾಕುತ್ತಾರೆ. ಆ ತರಗತಿಯಲ್ಲಿ ಇಂಗ್ಲಿಷ್ ಬಾರದ ಕೊರಿಯನ್ನರು, ರಷ್ಯನ್ನರು, ವಿಯೆಟ್ನಾಮಿನವರು ಇರುತ್ತಾರೆ. ಹರಕುಮುರುಕು ಚೈನೀಸೇ ಎಲ್ಲರ ನಡುವಿನ ಭಾಷೆ. ಇದಕ್ಕಾಗಿಯೇ ಅಷ್ಟು ದೂರ ಹೋಗಬೇಕಾದದ್ದು.

ಹೋಗಲು ದಾರಿ ಎರಡು. ಒಂದು ಅಪ್ಪಟ ಎಕ್ಸ್‌ಚೇಂಜ್: ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇರುತ್ತದೆ, ನೀವು ಇಲ್ಲೇ ಫೀಸ್ ಕಟ್ಟಿ ಅಲ್ಲಿ ಓದುತ್ತೀರಿ, ಅಲ್ಲಿನ ಕ್ರೆಡಿಟ್ ಇಲ್ಲಿಗೆ ಸೇರುತ್ತದೆ. ಇನ್ನೊಂದು ಸರ್ಕಾರಿ ವಿದ್ಯಾರ್ಥಿವೇತನ. ನಾನು ಹೋದದ್ದು ಈ ದಾರಿಯಲ್ಲಿ. ಚೀನಾ ಸರ್ಕಾರದ ಪೂರ್ಣ ವೇತನ ಸಿಕ್ಕಿದರೆ ಫೀಸ್ ಇಲ್ಲ, ಹಾಸ್ಟೆಲ್ ಇದೆ, ವಿಮೆ ಇದೆ, ಭಾಷೆ ಓದುವವರಿಗೆ ತಿಂಗಳಿಗೆ 3000 ಯುವಾನ್ ಕೈಗೆ. ಬೀಜಿಂಗ್‌ನಲ್ಲಿ ಕ್ಯಾಂಟೀನಿನಲ್ಲೇ ಉಂಡರೆ ಸಾಕಾಗುತ್ತದೆ. ಸಣ್ಣ ಊರಲ್ಲಿ ಉಳಿಯುತ್ತದೆ ಕೂಡ.

ಎರಡು ದೇಶಗಳ ಸಂಬಂಧ ಕೆಟ್ಟಾಗ ಮೊದಲು ಪೆಟ್ಟು ತಿನ್ನುವುದು ವಿದ್ಯಾರ್ಥಿಗಳೇ. ಕೋವಿಡ್ ಬಂದಾಗಲೂ ಅಷ್ಟೇ, 2020ರ ಆರಂಭದಲ್ಲಿ ಊರಿಗೆ ಬಂದ ಭಾರತದ ವಿದ್ಯಾರ್ಥಿಗಳಿಗೆ 2022ರವರೆಗೆ ಚೀನಾಕ್ಕೆ ವಾಪಸ್ ಹೋಗಲಾಗಲಿಲ್ಲ. ನಮ್ಮ ದೇಶದ 2019ರ ಶಿಕ್ಷಣ ನೀತಿ ಕರಡಿನ ವಿದೇಶಿ ಭಾಷೆಗಳ ಸಾಲಿನಲ್ಲಿ ಚೈನೀಸ್ ಇತ್ತು, 2020ರ ಅಂತಿಮ ನೀತಿಯಲ್ಲಿ ಇಲ್ಲ. ನೇರ ವಿಮಾನಗಳು ಮತ್ತೆ ಶುರುವಾದದ್ದು 2025ರ ಅಕ್ಟೋಬರಿನಲ್ಲಿ. ನೆರೆಯವರ ಜೊತೆ ಮನಸ್ತಾಪ ಇದ್ದಾಗ ಅವರ ಭಾಷೆ ಬಲ್ಲವರು ಇನ್ನೂ ಜಾಸ್ತಿ ಬೇಕು ಎಂಬುದು ನನ್ನ ಅಭಿಪ್ರಾಯ. ಪಟ್ಟಿಯಿಂದ ತೆಗೆದದ್ದು ನನಗೆ ಸರಿ ಕಾಣಲಿಲ್ಲ.

ಅಲ್ಲಿ ಹೋದ ಮೇಲೆ ಏನು ಮಾಡಬೇಕು? ಎಲ್ಲರೂ ಮೊದಲು ಹುಡುಕುವುದು ಭಾಷಾ ಜೊತೆಗಾರರನ್ನು. ಒಂದು ಗಂಟೆ ಅವರಿಗೆ ನೀವು ಇಂಗ್ಲಿಷ್, ಒಂದು ಗಂಟೆ ನಿಮಗೆ ಅವರು ಚೈನೀಸ್. ಕೇಳಲು ಚೆನ್ನಾಗಿದೆ. ಅವರ ಇಂಗ್ಲಿಷ್ ನಿಮ್ಮ ಚೈನೀಸ್‌ಗಿಂತ ಚೆನ್ನಾಗಿರುವುದರಿಂದ ಎರಡೂ ಗಂಟೆ ಇಂಗ್ಲಿಷ್ ಆಗಿ ಮುಗಿಯುತ್ತದೆ. ಅದಕ್ಕಿಂತ ಯಾವುದಾದರೂ ಸಂಘ ಸೇರಿ. ಬ್ಯಾಡ್ಮಿಂಟನ್ ಆಡುವಾಗ ಯಾರೂ ಇಂಗ್ಲಿಷ್ ಅಭ್ಯಾಸ ಮಾಡುವುದಿಲ್ಲ. ಪಾರ್ಕುಗಳಲ್ಲಿ ಮುದುಕರು ಚೀನೀ ಚದುರಂಗ ಆಡುತ್ತಾರೆ. ಇಬ್ಬರು ಆಡುವವರು, ಹತ್ತು ಜನ ಸಲಹೆ ಕೊಡುವವರು. ಸುಮ್ನೆ ಹೋಗಿ ನಿಂತುಕೊಳ್ಳಿ. ಅರ್ಧ ಗಂಟೆಯಲ್ಲಿ ನಿಮ್ಮನ್ನೂ ಜಗಳಕ್ಕೆ ಎಳೆಯುತ್ತಾರೆ.

ನನ್ನ ಮಟ್ಟಿಗೆ ಅತ್ಯುತ್ತಮ ತರಗತಿ ಎಂದರೆ ರೈಲಿನ ಹಾರ್ಡ್ ಸ್ಲೀಪರ್. ಹಳೆಯ ನಿಧಾನದ ರೈಲು. ನಮ್ಮ ಸ್ಲೀಪರ್ ಕೋಚಿನ ಥರ ಬಾಗಿಲಿಲ್ಲದ ಭಾಗ, ಒಂದೊಂದರಲ್ಲಿ ಮೇಲೆ ಕೆಳಗೆ ಆರು ಜನ. ಬೀಜಿಂಗ್‌ನಿಂದ ಕುನ್‌ಮಿಂಗ್‌ಗೆ ಒಂದೂವರೆ ದಿನದ ಹತ್ತಿರ. ಕೆಳಗಿನ ಬರ್ತಿನ ಅಜ್ಜಿ ಸೂರ್ಯಕಾಂತಿ ಬೀಜ ಕೈಗೆ ಹಾಕಿ ಕೇಳಲು ಶುರು ಮಾಡುತ್ತಾರೆ. ಯಾವ ದೇಶ? ಎಷ್ಟು ವಯಸ್ಸು? ಮದುವೆ ಆಗಿದೆಯಾ? ಯಾಕೆ ಆಗಿಲ್ಲ? ಅಪ್ಪನಿಗೆ ಸಂಬಳ ಎಷ್ಟು? ನಮ್ಮ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಕೇಳುವ ಪ್ರಶ್ನೆಗಳೇ, ಅದೇ ಕ್ರಮದಲ್ಲಿ. ಒಬ್ಬರಿಗೆ ಉತ್ತರ ಕೊಟ್ಟು ಮುಗಿಸಿದರೆ ಪಕ್ಕದ ಭಾಗದವರು ಬಂದು ಮತ್ತೆ ಕೇಳುತ್ತಾರೆ. ನಾಲ್ಕನೇ ಸಲ ಹೇಳುವಾಗ ನಿಮ್ಮ ವ್ಯಾಕರಣ ತಾನಾಗಿ ಸರಿಯಾಗಿರುತ್ತದೆ. ದಕ್ಷಿಣಕ್ಕೆ ಹೋದ ಹಾಗೆ ಅವರ ಉಚ್ಚಾರಣೆ ಬದಲಾಗುತ್ತದೆ, ಪುಸ್ತಕದಲ್ಲಿ ಕಲಿತ ಷ ಎಲ್ಲ ಸ ಆಗುತ್ತದೆ. ತರಗತಿಯ ರೆಕಾರ್ಡಿಂಗ್‌ನಲ್ಲಿ ಇದು ಸಿಗುವುದಿಲ್ಲ. ಹೈಸ್ಪೀಡ್ ರೈಲಿನಲ್ಲಿ ಮಾತ್ರ ಹೋಗಬೇಡಿ. ಎಲ್ಲರೂ ಇಯರ್‌ಫೋನ್ ಹಾಕಿ ಕೂತಿರುತ್ತಾರೆ, ನಿದ್ದೆ ಬರುವ ಮುಂಚೆ ಊರು ಬಂದಿರುತ್ತದೆ.

ಈಗ ಪ್ರಶ್ನೆಗಳು.

ಒಬ್ಬ ಹುಡುಗಿ ಕೇಳಿದಳು: “ಸರ್, ಚೀನಾ ಒಳ್ಳೆಯದಾ, ತೈವಾನಾ?”

ಕೆಲಸದ ಗುರಿ ಮೊದಲು ನೋಡಿಕೋ ಅಮ್ಮ. ವ್ಯಾಪಾರ, ಕಾರ್ಖಾನೆ ಕಡೆ ಹೋಗುವವರಿಗೆ ಚೀನಾ. ಅಲ್ಲಿ ಸರಳ ಮಾಡಿದ ಅಕ್ಷರ. ಹಳೆಯ ಸಾಹಿತ್ಯ, ಬೌದ್ಧ ಗ್ರಂಥ ಓದುವ ಆಸೆ ಇದ್ದರೆ ತೈವಾನ್. ಅಲ್ಲಿ ಹಳೆಯ ಪೂರ್ಣ ಅಕ್ಷರ ಈಗಲೂ ಇದೆ. ತೈಪೆಯ ನ್ಯಾಷನಲ್ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಭಾಷಾ ಕೇಂದ್ರ 1956ರಿಂದ ನಡೆಯುತ್ತಿದೆ. ತರಗತಿ ಸಣ್ಣದು, ಹತ್ತು ಜನರ ಒಳಗೆ. ಹ್ವಾಯೂ ಎಂಬ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಅಲ್ಲಿನ ಮಕ್ಕಳು ಪಿನ್‌ಯಿನ್ ಬದಲು ಚೂಯಿನ್ ಎಂಬ 37 ಚಿಹ್ನೆ ಕಲಿಯುತ್ತಾರೆ. ಅದನ್ನು ಮೊದಲು ನೋಡಿದಾಗ ನನಗೆ ನಗು ಬಂತು. ಪ ಫ ಮ, ತ ಥ ನ, ಕ ಖ ಹ. ನಮ್ಮ ವರ್ಗಾಕ್ಷರ ಗಂಟಲಿಂದ ತುಟಿಗೆ ಬಂದರೆ ಅದು ತುಟಿಯಿಂದ ಹೊರಡುತ್ತದೆ. ಇದು ಆಕಸ್ಮಿಕ ಅಲ್ಲ. ಚೈನೀಸ್ ವ್ಯಂಜನಗಳನ್ನು ಬಾಯಲ್ಲಿ ಹುಟ್ಟುವ ಜಾಗದ ಪ್ರಕಾರ ಪಟ್ಟಿ ಮಾಡಿದ್ದು ಟಾಂಗ್ ರಾಜವಂಶದ ಕೊನೆಗಾಲದಲ್ಲಿದ್ದ ಶೌವೆನ್ ಎಂಬ ಭಿಕ್ಷು ಎನ್ನುತ್ತಾರೆ. ಸಂಸ್ಕೃತ ಓದಿದ ಬೌದ್ಧರ ಮೂಲಕ ಆ ವಿದ್ಯೆ ಅಲ್ಲಿಗೆ ಹೋಗಿತ್ತು.

“ಫೋನೇ ಅನುವಾದ ಮಾಡುತ್ತಲ್ವಾ ಸರ್, ಇಷ್ಟೆಲ್ಲ ಯಾಕೆ?”

ಮಾಡುತ್ತದೆ. ಮೆನು ಓದಲು, ವಿಳಾಸ ಕೇಳಲು ನಾನೂ ಬಳಸುತ್ತೇನೆ. ನಿನಗೆ ಬೇಕಾದದ್ದು ಅಷ್ಟೇ ಆದರೆ ಕಲಿಯಬೇಡ, ಒಂದೆರಡು ವರ್ಷ ಉಳಿಯುತ್ತದೆ. ಆದರೆ ಆ ರೈಲಿನಲ್ಲಿ ಅಜ್ಜಿಯ ಮುಂದೆ ಫೋನ್ ಹಿಡಿದರೆ ಅವರು ಮೂರನೇ ವಾಕ್ಯಕ್ಕೆ ಪಕ್ಕದವರ ಕಡೆ ತಿರುಗುತ್ತಾರೆ.

ಕೊನೆಗೆ ಹಿಂದಿನ ಸಾಲಿನಿಂದ ಬರಲೇಬೇಕಾದ ಪ್ರಶ್ನೆ ಬಂತು: “ಊಟ ಹೇಗೆ ಸರ್? ನಮ್ಮ ಮನೆಯಲ್ಲಿ ಮಾಂಸ ತಿನ್ನಲ್ಲ.”

ಬದುಕಬಹುದು. ಮೂರು ತಿಂಡಿಯ ಹೆಸರು ಬರೆದುಕೊಳ್ಳಿ. ಟೊಮೆಟೊ ಮೊಟ್ಟೆ ಪಲ್ಯ, ಮೊಟ್ಟೆ ತಿನ್ನುವವರಾದರೆ. ಹುಳಿ ಖಾರ ಹಾಕಿ ಹುರಿದ ಆಲೂಗಡ್ಡೆ ಎಸಳು. ಮತ್ತೆ ತೀ ಸಾನ್ ಶ್ಯೆನ್, ಅಂದರೆ ಆಲೂ, ಬದನೆ, ದೊಣ್ಣೆಮೆಣಸು ಒಟ್ಟಿಗೆ ಕರಿದದ್ದು. ಇದು ಯಾವ ಕ್ಯಾಂಟೀನಿಗೆ ಹೋದರೂ ಹೆಚ್ಚುಕಡಿಮೆ ಸಿಗುತ್ತದೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ತೋಫು ಮೇಲೆ ಹಂದಿಯ ಖೀಮಾ ಉದುರಿಸಿ ತರುತ್ತಾರೆ, ಅದು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ, ರುಚಿಗೆ ಹಾಕಿದ್ದು. ಖೀಮಾ ಬೇಡ, ಮಾಂಸದ ಸಾರು ಬೇಡ, ಹಂದಿ ಕೊಬ್ಬು ಬೇಡ ಎಂದು ಒಂದೊಂದಾಗಿ ಹೇಳಬೇಕು. ಆ ಮೂರು ವಾಕ್ಯ ಸ್ವರ ಸಮೇತ ಇಲ್ಲೇ ಬಾಯಿಪಾಠ ಮಾಡಿ. ದೊಡ್ಡ ಬೌದ್ಧ ದೇವಾಲಯಗಳ ಸುತ್ತ ಅಪ್ಪಟ ಸಸ್ಯಾಹಾರಿ ಹೋಟೆಲ್ ಇರುತ್ತವೆ, ಅಲ್ಲಿ ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಕುಕ್ಕರ್ ಒಯ್ಯಬೇಡಿ, ಹಾಸ್ಟೆಲ್‌ನಲ್ಲಿ ಜಾಸ್ತಿ ಕರೆಂಟ್ ಎಳೆಯುವ ಸಾಮಾನು ಕಂಡರೆ ಎತ್ತಿಕೊಂಡು ಹೋಗುತ್ತಾರೆ. ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಿರಿ. ಅಲ್ಲಿನ ಅನ್ನ ಅಂಟು ಅನ್ನ, ಚಟ್ನಿಪುಡಿ ಎಣ್ಣೆ ಹಾಕಿ ಕಲಸಿದರೆ ಚೆನ್ನಾಗಿ ಹಿಡಿಯುತ್ತದೆ.